ವಿಜ್ಞಾನವೇನು ಉಳ್ಳವರ ಮನೆಯ ಸೊತ್ತೇ?

ಶಕ್ತಿನಗರದ ಸ್ಥಾವರದ ಗೋಡೆಯಾಚೆ, ರಸ್ತೆ ಬದಿಯ ಒಂದು ಚಹದ ಅಂಗಡಿಯಲ್ಲಿ ಮೊನ್ನೆ ನಾವು ಕುಳಿತಿದ್ದೆವು. ಗುತ್ತಿಗೆ ಕಾರ್ಮಿಕರ ಪಾಳಿ ಬದಲಾಗುವ ಹೊತ್ತು. ಅಂಗಡಿಯವರ ಮಗ, ಏಳನೆಯ ತರಗತಿಯ ಹುಡುಗ, ಶಾಲೆಯಿಂದ ಬಂದವನೇ ಚೀಲ ಮೂಲೆಗಿಟ್ಟು ಗ್ಲಾಸು ತೊಳೆಯುತ್ತಿದ್ದವನು ಇದ್ದಕ್ಕಿದ್ದಂತೆ ನಮ್ಮ ಕಡೆ ತಿರುಗಿ ಕೇಳಿದ: "ಸರ, ನಮ್ಮವ್ವನೂ ದಿನಾ ಒಲಿ ಹಚ್ತಾಳ್ರಿ. ಇಲ್ಲೂ ಒಲಿನೇ ಹಚ್ತಾರ. ಇಲ್ಲಿ ಕರೆಂಟು ಬರ್ತದ, ನಮ್ಮ ಒಲಿಯಾಗ ಯಾಕ ಬರಂಗಿಲ್ರಿ?"

ಕುಳಿತಿದ್ದವರೆಲ್ಲ ನಕ್ಕರು. ನಕ್ಕವರಲ್ಲಿ ಹನ್ನೆರಡು ವರ್ಷದಿಂದ ಬೂದಿ ಸಾಗಿಸುವ ಕೆಲಸ ಮಾಡುತ್ತಿರುವ ಹಿರಿಯರೊಬ್ಬರೂ ಇದ್ದರು. ನಗು ಅಡಗಿದ ಮೇಲೆ, ಹುಡುಗನಿಗೆ ಉತ್ತರ ನೀವೇ ಹೇಳಿರಿ ಎಂದು ಅವರನ್ನು ಕೇಳಿದೆವು. "ನಾವು ಬೂದಿ ಹೊರಾವ್ರು, ಒಳಗಿಂದು ನಮಗೇನ್ ತಿಳಿತದ್ರಿ" ಎಂದರು. ಅವರ ಮುಖದ ನಗು ಹೋಗಿತ್ತು.

ನಾವೂ ಮೆಟ್ರಿಕ್ಕಿನಾಚೆ ಓದಿದವರಲ್ಲ. ತಿಳಿದಷ್ಟನ್ನು ಹೇಳಿದೆವು. ಕಲ್ಲಿದ್ದಲನ್ನು ಹಿಟ್ಟಿನಂತೆ ಬೀಸಿ ಕುಲುಮೆಯೊಳಕ್ಕೆ ಊದಿ ಉರಿಸುತ್ತಾರೆ. ಆ ಉರಿಗೆ ಕೊಳವೆಗಳೊಳಗಿನ ನೀರು ಹಬೆಯಾಗುತ್ತದೆ. ನಿಮ್ಮವ್ವನ ಗಡಿಗೆಯ ಮುಚ್ಚಳವನ್ನು ಕುಣಿಸುವ ಹಬೆಯೇ ಅದು, ಆದರೆ ಇಲ್ಲಿ ಅದನ್ನು ಭಾರೀ ಒತ್ತಡದಲ್ಲಿ ಕೂಡಿಹಾಕಿ ಟರ್ಬೈನಿನ ರೆಕ್ಕೆಗಳ ಮೇಲೆ ಬಿಡುತ್ತಾರೆ. ರೆಕ್ಕೆ ಹೊತ್ತ ಅಚ್ಚು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಆ ಅಚ್ಚಿನ ಜೊತೆ ತಿರುಗುವ ಅಯಸ್ಕಾಂತವು ತಾಮ್ರದ ಸುರುಳಿಗಳ ನಡುವೆ ಸುತ್ತಿದಾಗ ವಿದ್ಯುತ್ತು ಹುಟ್ಟುತ್ತದೆ. ನಿಮ್ಮವ್ವನ ಒಲೆಗೆ ಇಲ್ಲದ್ದು ಬೆಂಕಿಯಲ್ಲ. ಅಯಸ್ಕಾಂತ ಮತ್ತು ಸುರುಳಿ. ಹುಡುಗ ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರ ನಮ್ಮಜ್ಜನ ಸೈಕಲ್ಲಿಗೆ ಇದ್ದ ಡೈನಮಾನೂ ಇದೇ ಏನ್ರಿ?" ಎಂದ. ಅದೇ ಎಂದೆವು. ಬೂದಿಯ ಹಿರಿಯರು ಇನ್ನೊಂದು ಚಹ ತರಿಸಿ, "ಇದನ್ನ ನನಗ ಹನ್ನೆರಡು ವರ್ಷದಾಗ ಯಾರೂ ಹೇಳಿದ್ದಿಲ್ಲ" ಎಂದರು.

ವಾಚಕ ಬಂಧುಗಳು ಯೋಚಿಸಬೇಕು. ಈ ಸ್ಥಾವರದ ಮೊದಲ ಘಟಕ ವಿದ್ಯುತ್ತು ಕೊಟ್ಟದ್ದು 1985ರಲ್ಲಿ. ಇಂದು ಎಂಟು ಘಟಕಗಳು ಕೂಡಿ ಇದರ ಸಾಮರ್ಥ್ಯ 1,720 ಮೆಗಾವ್ಯಾಟ್. ಕೃಷ್ಣೆಯ ನೀರು ನಮ್ಮದು, ನೆಲ ದೇವಸೂಗೂರಿನ ಸುತ್ತಿನವರದು, ದುಡಿಮೆ ನಮ್ಮ ಮನೆಗಳದು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮುಕ್ಕಾಲು ಕಿಲೋ ಕಲ್ಲಿದ್ದಲು ಉರಿಯುತ್ತದೆ; ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿಯೇ. ಅಂದರೆ ಬೆಂಗಳೂರಿನ ಮನೆಯೊಂದರಲ್ಲಿ ಒಂದು ಯೂನಿಟ್ ಉರಿದರೆ ಇಲ್ಲಿ ಕಾಲು ಕಿಲೋ ಬೂದಿ ಬೀಳುತ್ತದೆ ಎಂದು ಲೆಕ್ಕ ಹಿಡಿಯಿರಿ. ನಲವತ್ತು ವರ್ಷ ಈ ಬೂದಿಯ ಮಗ್ಗುಲಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ, ಗೋಡೆಯೊಳಗೆ ನಡೆಯುವುದೇನು ಎಂಬುದನ್ನು ಹೇಳುವ ವ್ಯವಸ್ಥೆಯೊಂದು ಬೇಡವೇ?

ಶಾಲೆ ಇದೆಯಲ್ಲ, ಪುಸ್ತಕದಲ್ಲಿ ಇದೆಯಲ್ಲ ಎನ್ನುವವರು ಇದ್ದಾರೆ. ಶಾಲೆಯ ಮಾತನ್ನು ನಾವು ಇಂದು ಎತ್ತಿಕೊಂಡಿಲ್ಲ. ಮಗು ಶಾಲೆಯಲ್ಲಿರುವುದು ದಿನಕ್ಕೆ ಆರು ಗಂಟೆ. ಅದೂ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಎಷ್ಟು ಮಕ್ಕಳು ಇರುತ್ತಾರೆಂಬುದು ದೇವದುರ್ಗ, ಮಾನ್ವಿ ಕಡೆಯ ಯಾವ ಮೇಷ್ಟರಿಗಾದರೂ ಗೊತ್ತು. ಶಾಲೆಯ ಹೊರಗೆ ಕಲಿಯುವುದೇ ಮನುಷ್ಯನ ಕಲಿಕೆಯ ದೊಡ್ಡ ಪಾಲು. ಉಳ್ಳವರ ಮಗುವಿಗೆ ಆ ಪಾಲು ತಾನಾಗಿಯೇ ಬರುತ್ತದೆ. ಮನೆಯಲ್ಲಿ ಪುಸ್ತಕದ ಕಪಾಟು, ಹುಟ್ಟುಹಬ್ಬಕ್ಕೆ ದೂರದರ್ಶಕ, ಬೇಸಿಗೆಗೆ ಶಿಬಿರ, ರಜೆಗೆ ತಾರಾಲಯ, ಕೇಳಿದ್ದಕ್ಕೆ ಉತ್ತರ ಹೇಳುವ ಇಂಜಿನಿಯರ್ ಮಾವ. ಹತ್ತಿ ಮಿಲ್ಲಿನ ಹಮಾಲರ ಮಗಳಿಗೆ ಇವುಗಳಲ್ಲಿ ಯಾವುದಿದೆ? ಆಮೇಲೆ ಇಬ್ಬರನ್ನೂ ಒಂದೇ ಪರೀಕ್ಷೆಗೆ ಕೂರಿಸಿ, ಮೊದಲನೆಯವನು ಬುದ್ಧಿವಂತ, ಎರಡನೆಯವಳು ದಡ್ಡಿ ಎಂದು ತೀರ್ಪು ಕೊಡುತ್ತೇವೆ.

ಈ ಅನ್ಯಾಯದಲ್ಲಿ ನಮ್ಮ ಕೈಯೂ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ. ಪಕ್ಷದ ಕೆಲಸಕ್ಕೆ ಬರುವ ಮುನ್ನ ನಾವು ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಒಂದು ವರ್ಷ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಪ್ರವಾಸ ನಿಶ್ಚಯವಾಯಿತು. ರೊಕ್ಕ ಕೊಟ್ಟವರ ಹೆಸರು ಒಂದು ಪಟ್ಟಿಯಲ್ಲಿ, ಕೊಡದವರದು ಇನ್ನೊಂದರಲ್ಲಿ. ಪಟ್ಟಿ ಬರೆದ ಕೈ ನಮ್ಮದೇ. ನಲವತ್ತೊಂದು ಮಕ್ಕಳಲ್ಲಿ ಹದಿನಾಲ್ಕು ಮಂದಿ ಊರಲ್ಲೇ ಉಳಿದರು. ತಿರುಗಿ ಬಂದ ಮೇಲೆ ತರಗತಿಯಲ್ಲಿ, ಅಲ್ಲಿ ರೈಟ್ ಸೋದರರ ವಿಮಾನದ ಪ್ರತಿಕೃತಿ ಕಂಡುದನ್ನು, ಗುಂಡಿ ಒತ್ತಿದರೆ ತಿರುಗುವ ಯಂತ್ರಗಳನ್ನು ಹುರುಪಿನಿಂದ ವರ್ಣಿಸುತ್ತಿದ್ದೆವು. ಉಳಿದವರಲ್ಲಿ ಒಬ್ಬಳು ಹುಡುಗಿ ಎದ್ದುನಿಂತು, "ಸರ, ನಾವೂ ಹ್ವಾದ ವರ್ಷ ಬೆಂಗಳೂರಾಗ ನಾಕು ತಿಂಗಳು ಇದ್ವಿ. ಗುಳೆ ಹ್ವಾದಾಗ. ಇದು ಎಲ್ಲೈತ್ರಿ?" ಎಂದಳು. ಆಕೆಯ ಅವ್ವ ಅಪ್ಪ ಕಟ್ಟುತ್ತಿದ್ದ ಮಹಡಿ ಮನೆ ಆ ವಸ್ತುಸಂಗ್ರಹಾಲಯದಿಂದ ಎಷ್ಟು ದೂರವಿತ್ತೋ ನಾವು ಕೇಳಲಿಲ್ಲ. ನಾಲ್ಕು ತಿಂಗಳು ಆ ಊರಿನಲ್ಲಿದ್ದ ಮಗುವಿಗೆ ಅಂಥದೊಂದು ಮನೆ ತನಗಾಗಿಯೂ ತೆರೆದಿದೆ ಎಂಬ ಸುದ್ದಿಯೇ ತಲಪಲಿಲ್ಲ. ಮಹಾನುಭಾವರಾದ ನೆಹರೂ ಅವರು 1962ರಲ್ಲಿ ಅದನ್ನು ಉದ್ಘಾಟಿಸಿದಾಗ, ಬಾಗಿಲು ತೆರೆದರೆ ಜನತೆ ತಾನಾಗಿ ಬರುತ್ತದೆಂದು ನಂಬಿದ್ದರೋ ಏನೋ.

ಬಾಗಿಲು ತೆರೆದರೆ ಸಾಲದು. ಇದಕ್ಕೆ ಸಾಕ್ಷಿ ನಮ್ಮ ವಿಭಾಗದಲ್ಲೇ ಇದೆ. ಕಲಬುರಗಿಯಲ್ಲಿ ಕೇಂದ್ರ ಸರಕಾರದ ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದಲೂ ಇದೆ. ಒಳ್ಳೆಯ ಸಂಸ್ಥೆ, ಅಲ್ಲಿಗೆ ಹೋಗಿ ಕಣ್ಣರಳಿಸಿದ ಮಕ್ಕಳು ಸಾವಿರಾರು. ಆದರೆ 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ, ಆ ಕಲಬುರಗಿ ಪಟ್ಟಣದ ಮಗ್ಗುಲಲ್ಲೇ ಇರುವ ತಾಜಸುಲ್ತಾನಪುರದಲ್ಲಿ, ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಗ್ರಹಣದ ಹೊತ್ತಿನಲ್ಲಿ ಹಾಗೆ ಹೂತರೆ ಊನ ಗುಣವಾಗುತ್ತದೆಂಬ ನಂಬಿಕೆ. ದೇಶದ ಪತ್ರಿಕೆಗಳೆಲ್ಲ ಆ ಚಿತ್ರವನ್ನು ಅಚ್ಚು ಹಾಕಿ ನಮ್ಮ ಜನರ ಮೌಢ್ಯವನ್ನು ಹೀಗಳೆದುವು. ನಾವು ಆ ತಂದೆತಾಯಿಗಳನ್ನು ಹೀಗಳೆಯುವುದಿಲ್ಲ. ಮಗುವಿನ ಕಾಲು ಸರಿಹೋಗಲೆಂದು ತಾಯಿ ಏನು ಬೇಕಾದರೂ ಮಾಡುತ್ತಾಳೆ. ಅವಳಿಗೆ ಬೇರೆ ದಾರಿ ತೋರಿಸಿದವರು ಯಾರು? ಮೂವತ್ತೈದು ವರ್ಷ ಹಳೆಯ ವಿಜ್ಞಾನ ಕೇಂದ್ರಕ್ಕೂ ಆ ಕೇರಿಗೂ ಇದ್ದ ದೂರವನ್ನು ಕಿಲೋಮೀಟರಿನಿಂದ ಅಳೆಯಲಾಗದು. ಹಾಗಿರುವಾಗ ನೂರೈವತ್ತು ಕಿಲೋಮೀಟರಿನಾಚೆಯ ಶಕ್ತಿನಗರದ ಜೋಪಡಿಗೂ, ಅದಕ್ಕಿಂತ ಒಳಗಿನ ದೇವದುರ್ಗದ ತಾಂಡಾಕ್ಕೂ ಅದು ಎಷ್ಟು ದೂರ?

ನಮ್ಮ ಸೀಮೆಗೆ ಈ ಕೊರತೆ ಇಂದು ನಿನ್ನೆಯದಲ್ಲ. ಹಳೆಯ ಮೈಸೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ 1918ರ ಸುಮಾರಿಗೇ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಕರಾವಳಿಯಲ್ಲಿ ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಕೊಟ್ಟರು. ಆಗ ನಾವು ಎಲ್ಲಿದ್ದೆವು? ನಿಜಾಮರ ರಾಜ್ಯದಲ್ಲಿ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವು ರಸಾಯನ, ಭೌತ, ವೈದ್ಯವನ್ನೆಲ್ಲ ಉರ್ದುವಿಗೆ ತಂದು ಕಲಿಸಿತು. ಇಂಡಿಯಾದ ಭಾಷೆಯೊಂದರಲ್ಲಿ ವಿಜ್ಞಾನ ಹೇಳಬಹುದೆಂದು ತೋರಿಸಿದ ಆ ಕೆಲಸ ಸಣ್ಣದಲ್ಲ, ಆ ಭಾಷೆಯ ಮೇಲೆ ನಮಗೆ ಸಿಟ್ಟೂ ಇಲ್ಲ. ಆದರೆ ಮನೆಯಲ್ಲಿ ಕನ್ನಡವಾಡುವ ಒಕ್ಕಲ ಮಗುವಿಗೆ ಮೈಸೂರಿನ ಪತ್ರಿಕೆ ಬರಲಿಲ್ಲ, ಹೈದರಾಬಾದಿನ ಪುಸ್ತಕ ತಿಳಿಯಲಿಲ್ಲ. 1948ರಲ್ಲಿ ವಿಮೋಚನೆಯಾಯಿತು, 1956ರಲ್ಲಿ ಏಕೀಕರಣವಾಯಿತು. 1978ರಲ್ಲಿ 'ಬಾಲವಿಜ್ಞಾನ' ಪತ್ರಿಕೆ, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿದವು. 2002ರಲ್ಲಿ ನಂಜುಂಡಪ್ಪ ಸಮಿತಿಯು ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಹಾಕಿತು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ 60ನ್ನೂ ಮುಟ್ಟಲಿಲ್ಲ. ರಾಜ್ಯದ ಸರಾಸರಿ 75ನ್ನು ದಾಟಿತ್ತು. ಪಟ್ಟಿಗೆ ಹಾಕುವುದರಲ್ಲಿ ಮಾತ್ರ ಸರಕಾರಗಳು ಎಂದೂ ಹಿಂದುಳಿಯಲಿಲ್ಲ.

ದೊಡ್ಡ ಸಂಸ್ಥೆಗಳಿಗಾಗಿ ನಾವು ಹೋರಾಡಿದ್ದೇವೆ. ಐಐಟಿ ಕೇಳಿದೆವು, ಅದು 2016ರಲ್ಲಿ ಧಾರವಾಡಕ್ಕೆ ಹೋಯಿತು. 2019ರಲ್ಲಿ ಐಐಐಟಿ ದೊರೆಯಿತು. ಏಮ್ಸ್ ಬೇಕೆಂದು 2022ರಲ್ಲಿ ಜನ ಧರಣಿ ಕೂತರು. ನ್ಯಾಯವಾದ ಬೇಡಿಕೆಗಳೇ. ಆದರೆ ಪಾಯವಿಲ್ಲದೆ ಮಾಳಿಗೆಯನ್ನು ಕೇಳುತ್ತಿದ್ದೇವೆಯೇ ಎಂದು ಒಮ್ಮೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಐಐಐಟಿಯ ಗೇಟಿನೊಳಗೆ ನಾಳೆ ಕಾಲಿಡುವವರು ಯಾರ ಮಕ್ಕಳು? ಒಂದು ಭೂತಗನ್ನಡಿಯನ್ನೂ ಕೈಯಲ್ಲಿ ಹಿಡಿಯದೆ ಬೆಳೆದ ಹುಡುಗಿಗೆ ಆ ಗೇಟು ತೆರೆದಿದ್ದರೇನು, ಮುಚ್ಚಿದ್ದರೇನು? ಕೇಂದ್ರ ಸರಕಾರ 2016ರಿಂದ ಅಟಲ್ ಪ್ರಯೋಗಾಲಯಗಳೆಂದು ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿಯವರೆಗೆ ಕೊಡುವ ಯೋಜನೆ ತಂದಿತು. ಶಾಲೆಗೆ ಬಂದ ಸಾಮಾನಿಗೆ ಬೀಗ ಹಾಕಿ ಕಾಯುವುದು ನಮ್ಮಲ್ಲಿ ಹಳೆಯ ಚಾಳಿ. ನಾವು ಪಾಠ ಹೇಳಿದ ಶಾಲೆಯಲ್ಲೂ ಒಂದು ಕಪಾಟಿತ್ತು. ಅದರ ಗಾಜಿನಾಚೆ ಒಂದು ಸೂಕ್ಷ್ಮದರ್ಶಕ. ಒಡೆದರೆ ಯಾರು ಹೊಣೆ ಎಂಬ ಭಯದಿಂದ ನಾವಿದ್ದಷ್ಟು ಕಾಲ ಅದು ಹೊರಗೆ ಬರಲಿಲ್ಲ. ತಪಾಸಣೆಯ ದಿನ ಮಾತ್ರ ಧೂಳು ಒರೆಸುತ್ತಿದ್ದೆವು.

ಇಲ್ಲಿ ಒಬ್ಬ ದುಡಿಯುವವನ ಕತೆ ಹೇಳಬೇಕು. ಲಂಡನ್ನಿನಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ ಮೈಕೆಲ್ ಫ್ಯಾರಡೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. ಕಟ್ಟಲು ಬಂದ ಪುಸ್ತಕಗಳನ್ನೇ ಓದಿದ. ಊರಿನಲ್ಲಿ ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸಗಳು ನಡೆಯುತ್ತಿದ್ದವು. ಒಳಗೆ ಹೋಗಲು ಒಂದು ಶಿಲಿಂಗ್. ಆ ಶಿಲಿಂಗನ್ನು ಕೊಟ್ಟವನು ಕಮ್ಮಾರಿಕೆ ಮಾಡುತ್ತಿದ್ದ ಅವನ ಅಣ್ಣ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಸರ್ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಚೀಟಿ ಕೊಡಿಸಿದರು. ಕೇಳಿದ್ದನ್ನೆಲ್ಲ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದ ಆ ಹುಡುಗ 1831ರಲ್ಲಿ ಸುರುಳಿಯ ಬಳಿ ಅಯಸ್ಕಾಂತವನ್ನು ಆಡಿಸಿದರೆ ವಿದ್ಯುತ್ತು ಹರಿಯುತ್ತದೆಂಬುದನ್ನು ಕಂಡುಹಿಡಿದ. ಶಕ್ತಿನಗರದ ಎಂಟೂ ಘಟಕಗಳು ಇಂದು ತಿರುಗುತ್ತಿರುವುದು ಆ ತತ್ತ್ವದ ಮೇಲೆಯೇ. ಕಮ್ಮಾರ ಅಣ್ಣನ ಶಿಲಿಂಗ್, ಸಂಜೆಯ ಉಪನ್ಯಾಸ, ಗಿರಾಕಿಯ ಚೀಟಿ: ಇವು ಮೂರರಲ್ಲಿ ಯಾವುದೂ ಶಾಲೆಯದಲ್ಲ. ನಮ್ಮ ಚಹದಂಗಡಿಯ ಹುಡುಗನಿಗೆ ಅಯಸ್ಕಾಂತದ ಮಾತು ತಲೆಗೆ ಹತ್ತಿದ್ದನ್ನು ಕಂಡ ಮೇಲೆ, ಇಲ್ಲಿ ಹುಟ್ಟಿ ಶಿಲಿಂಗ್ ಸಿಗದೆ ಹೋದ ಫ್ಯಾರಡೆಗಳೆಷ್ಟೋ ಎಂದು ನಮಗೆ ಅನ್ನಿಸದೆ ಇರಲಿಲ್ಲ.

ನಮ್ಮ ಪಕ್ಕದ ರಾಜ್ಯವನ್ನೇ ನೋಡಿರಿ. ಕೇರಳದಲ್ಲಿ 1962ರಲ್ಲಿ ಕೆಲವು ವಿಜ್ಞಾನ ಲೇಖಕರು ಕೂಡಿ ಶಾಸ್ತ್ರ ಸಾಹಿತ್ಯ ಪರಿಷತ್ತನ್ನು ಕಟ್ಟಿದರು. ಮೊದಮೊದಲು ಲೇಖನ ಬರೆಯುವ ಸಂಘ. ಕ್ರಮೇಣ ಮೇಷ್ಟರುಗಳೂ ಕಾರ್ಮಿಕರೂ ಸೇರಿ, 1974ರ ಹೊತ್ತಿಗೆ 'ಸಾಮಾಜಿಕ ಕ್ರಾಂತಿಗಾಗಿ ವಿಜ್ಞಾನ' ಎಂಬ ಘೋಷಣೆಯನ್ನೇ ಎತ್ತಿಹಿಡಿಯಿತು. ಹಾಡು, ಬೀದಿನಾಟಕ, ಜಾಥಾಗಳ ಮೂಲಕ ಅದು ಹಳ್ಳಿ ಹಳ್ಳಿಗೆ ಹೋಯಿತು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಹದಿನಾರು ಹಳ್ಳಿ ಶಾಲೆಗಳಲ್ಲಿ ಮಕ್ಕಳೇ ಕೈಯಾರೆ ಪ್ರಯೋಗ ಮಾಡಿ ಕಲಿಯುವ ಕ್ರಮ ಶುರುವಾಗಿ ನೂರಾರು ಶಾಲೆಗಳಿಗೆ ಹಬ್ಬಿತು. 2002ರಲ್ಲಿ ಅಲ್ಲಿನ ಸರಕಾರವೇ ಅದನ್ನು ನಿಲ್ಲಿಸಿತು. ಮೇಲಿನವರ ಅಪ್ಪಣೆಯಿಂದ ನಡೆಯುವುದು ಮೇಲಿನವರ ಅಪ್ಪಣೆಯಿಂದ ನಿಲ್ಲುತ್ತದೆ. ಕೇರಳದ್ದು ಜನರ ಸಂಘವಾದುದರಿಂದ ಉಳಿಯಿತು. ಈ ವ್ಯತ್ಯಾಸವನ್ನು ನಮ್ಮ ಪಕ್ಷದ ಗೆಳೆಯರು ಮನಸ್ಸಿನಲ್ಲಿಡಬೇಕು. ನಮ್ಮ ಶಾಖೆಗಳಲ್ಲಿ ಭಾಷಣ ಬಹಳ. ಒಂದು ಭಾನುವಾರವಾದರೂ ನಮ್ಮ ಕಚೇರಿಯ ಬಯಲಿನಲ್ಲಿ ಮಕ್ಕಳಿಗೆ ಚಂದ್ರನನ್ನು ತೋರಿಸಿದ್ದೇವೆಯೇ?

"ಹೊಟ್ಟೆಗಿಲ್ಲದವರಿಗೆ ಚಂದ್ರನೇಕೆ? ಮೊದಲು ಕೂಲಿ, ಮೊದಲು ಪಡಿತರ" ಎಂದು ಮಾನ್ವಿಯ ಅಕ್ಕಿ ಮಿಲ್ಲಿನ ಗೆಳೆಯರೊಬ್ಬರು ನಮ್ಮನ್ನು ಗದರಿದರು. ಅವರ ಮಾತಿನಲ್ಲಿ ಸತ್ಯವಿದೆ, ನಾವು ಅದನ್ನು ತಳ್ಳಿಹಾಕುವುದಿಲ್ಲ. ಆದರೆ 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯಲ್ಲಿ ಬಂದ ಕಲುಷಿತ ನೀರನ್ನು ಕುಡಿದು ಜನ ಸತ್ತರಲ್ಲ, ಅವರೂ ಬಡವರೇ. ಉಳ್ಳವರ ಮನೆಯಲ್ಲಿ ಶೋಧಕ ಯಂತ್ರವಿತ್ತು. ನೀರಿನಲ್ಲಿ ಕ್ಲೋರಿನ್ ಇದೆಯೋ ಇಲ್ಲವೋ ನೋಡುವುದು ಬ್ರಹ್ಮವಿದ್ಯೆಯಲ್ಲ. ಒಂದು ಸಣ್ಣ ನಳಿಗೆಯಲ್ಲಿ ನೀರು ತುಂಬಿ ಎರಡು ತೊಟ್ಟು ದ್ರಾವಣ ಹಾಕಿದರೆ ಹಳದಿ ಬಣ್ಣ ಹೇಳುತ್ತದೆ. ಎಂಟನೆಯ ತರಗತಿಯ ಹುಡುಗಿ ಓಣಿಯ ನಲ್ಲಿಗಳನ್ನೆಲ್ಲ ವಾರಕ್ಕೊಮ್ಮೆ ಪರೀಕ್ಷಿಸಿ ಗೋಡೆಯ ಮೇಲೆ ಬರೆದಿಟ್ಟರೆ, ನಗರಸಭೆಗೆ ಕೊಡುವ ಅರ್ಜಿಗೆ ಬಲ ಬರುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡು ಇದೆ. ಮಕ್ಕಳ ಹಲ್ಲು ಕಂದುಗಟ್ಟುವುದು ಪಾಪಕರ್ಮದಿಂದಲ್ಲ ಎಂಬುದನ್ನು ತಿಳಿದ ತಾಯಿ ಶಾಸಕನ ಮುಂದೆ ನಿಲ್ಲುವ ಬಗೆಯೇ ಬೇರೆ. ಕೂಲಿಯ ಹೋರಾಟಕ್ಕೂ ಇದಕ್ಕೂ ವಿರೋಧವಿಲ್ಲ. ಬೂದಿ ಎದೆಗೆ ಹೋದರೆ ಏನಾಗುತ್ತದೆಂದು ತಿಳಿಯದ ಕಾರ್ಮಿಕ ಮುಖಗವಸನ್ನು ಕೇಳುವುದಾದರೂ ಹೇಗೆ?

ಇನ್ನು ಕೆಲವರು, ಎಲ್ಲರ ಕೈಯಲ್ಲೂ ಮೊಬೈಲಿದೆ, ಬೇಕಾದ್ದನ್ನೆಲ್ಲ ಅದರಲ್ಲೇ ನೋಡಬಹುದು ಎನ್ನುತ್ತಾರೆ. ಒಂದು ಮನೆಗೆ ಒಂದು ಮೊಬೈಲು, ಅದು ಅಪ್ಪನ ಜೇಬಿನಲ್ಲಿ, ಅಪ್ಪ ಪಾಳಿಯಲ್ಲಿ. ಸಿಕ್ಕರೂ ಮೊದಲ ಪಾಲು ಮಗನಿಗೆ, ಮಗಳಿಗೆ ಪಾತ್ರೆ. ಈ ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಬರೆಯಬೇಕಾಗಿದೆ, ಇನ್ನೊಂದು ವಾರ ಬರೆಯುತ್ತೇವೆ.

ವಿಜ್ಞಾನವೆಂದರೆ ಗಾಜಿನ ಕಟ್ಟಡವೇ ಆಗಬೇಕಿಲ್ಲ. ನಮ್ಮ ಜಿಲ್ಲೆಯೇ ಒಂದು ವಸ್ತುಸಂಗ್ರಹಾಲಯ. ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ವಿಶ್ವವಿದ್ಯಾಲಯದ ಪಂಡಿತರಲ್ಲ, ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬುವರು. 'ದೇವಾನಾಂಪ್ರಿಯ' ಎಂಬವನು ಅಶೋಕನೇ ಎಂಬುದು ಆ ಬಂಡೆಯಿಂದ ಖಚಿತವಾಯಿತು. ಇನ್ನು ಬೂದಿಯ ಮಾತು. ಈ ಸೀಮೆಯಲ್ಲಿ ಸಾವಿರಾರು ವರ್ಷಗಳ ಹಿಂದಿನ ಬೂದಿಗುಡ್ಡೆಗಳಿವೆ. ಹಂಪಿಯ ಬಳಿ ನಿಂಬಾಪುರದ ಗುಡ್ಡೆಯನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಅವು ಏನೆಂಬ ಬಗ್ಗೆ ಪಂಡಿತರೂ ನೂರು ವರ್ಷ ಕಿತ್ತಾಡಿದರು. ಕೊನೆಗೆ ಕೃಷ್ಣೆಯ ಆಚೆ ದಂಡೆಯ ಉಟ್ನೂರಿನಲ್ಲಿ ಅಗೆದು ನೋಡಿದ ಆಲ್ಚಿನ್ ಎಂಬ ವಿದ್ವಾಂಸರು, ಅವು ಹೊಸ ಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಸುಟ್ಟ ಬೂದಿ ಎಂದು ತೋರಿಸಿಕೊಟ್ಟರು. ಅಗೆತದಲ್ಲಿ ದನದ ಗೊರಸಿನ ಗುರುತುಗಳೇ ಸಿಕ್ಕಿದವು. ನಮ್ಮ ದನಗಾಹಿ ಹುಡುಗನಿಗೆ ಇದನ್ನು ಹೇಳಿ ನೋಡಿರಿ, ಅವನು ಪಂಡಿತರಿಗಿಂತ ಬೇಗ ಒಪ್ಪುತ್ತಾನೆ.

ತಕ್ಕಡಿ ಹಿಡಿದ ಅಂಗಡಿಯ ಅಣ್ಣ ದಿನವೂ ಸನ್ನೆಗೋಲಿನ ನಿಯಮವನ್ನು ನಡೆಸುತ್ತಿದ್ದಾನೆ. ಜಿನ್ನಿಂಗ್ ಮಿಲ್ಲಿನ ಫಿಟ್ಟರಿಗೆ ಯಾವ ಚಕ್ರಕ್ಕೆ ಯಾವ ಗಾತ್ರದ ಪುಲ್ಲಿ ಹಾಕಿದರೆ ವೇಗ ಎಷ್ಟಾಗುತ್ತದೆಂಬುದು ಬೆರಳ ತುದಿಯಲ್ಲಿದೆ. ಮೋಟಾರು ಸುರುಳಿ ಕಟ್ಟುವವರು, ಪಂಪು ರಿಪೇರಿಯವರು, ರೇಡಿಯೋ ಅಂಗಡಿಯವರು, ಇವರೆಲ್ಲ ಪದವಿಯಿಲ್ಲದ ವಿಜ್ಞಾನ ಮೇಷ್ಟರುಗಳು. ಕೊರತೆಯಿರುವುದು ಇವರ ಜ್ಞಾನ ಮಗುವಿನವರೆಗೆ ತಲಪುವ ಒಂದು ಜಾಗ, ಒಂದು ಸಂಜೆ. ಸ್ಥಾವರದ ಹೊಗೆಯಿಂದ ಬೂದಿಯನ್ನು ವಿದ್ಯುತ್ತಿನಿಂದ ಸೆಳೆದು ಹಿಡಿಯುವ ಯಂತ್ರವಿದೆ. ಅದರ ತತ್ತ್ವವನ್ನು ತಲೆ ಬಾಚಿದ ಹಣಿಗೆಯಿಂದ ಕಾಗದದ ಚೂರು ಎತ್ತಿ ತೋರಿಸಬಹುದು. ಇದಕ್ಕೆ ಅನುದಾನ ಬೇಕೇ?

ಬೇಕಾದ ಕಡೆ ಹಣವೂ ಇದೆ. ಸಣ್ಣ ವ್ಯಾಪಾರಿಗಳೇ, ನೀವು ಪ್ರತಿ ವರ್ಷ ಕಟ್ಟುವ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೀರಿ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಅದು ನಿಮ್ಮ ರಸೀತಿಯಲ್ಲಿಯೇ ಇರುತ್ತದೆ, ತೆಗೆದು ನೋಡಿರಿ. ಆ ಹಣ ಗ್ರಂಥಾಲಯಕ್ಕೆ ಪೂರ್ತಿ ಸಂದಿತೇ ಎಂದು ನಗರಸಭೆಯನ್ನು ಕೇಳುವ ಹಕ್ಕು ನಿಮ್ಮದು. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂದು ಹೆಸರಿಟ್ಟಿದ್ದಾರೆ. ಹೆಸರಿಗೆ ತಕ್ಕಂತೆ ಅಲ್ಲಿ ಒಂದು ಭೂತಗನ್ನಡಿ, ಎರಡು ಅಯಸ್ಕಾಂತ, ಒಂದು ನಕ್ಷತ್ರಪಟ ಇರಲಿ, ಮತ್ತು ಸಂಜೆ ಕೂಲಿಯಿಂದ ಬಂದ ಮೇಲೆ ಬಾಗಿಲು ತೆರೆದಿರಲಿ. 2013ರ ಕಂಪೆನಿ ಕಾಯಿದೆಯ ಪ್ರಕಾರ ದೊಡ್ಡ ಕಂಪೆನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಅದು ದಾನವಲ್ಲ, ಕಾನೂನು. ನಮ್ಮ ಜಿಲ್ಲೆಯ ನೆಲ, ನೀರು, ಚಿನ್ನದಿಂದ ಲಾಭ ಪಡೆಯುವವರು ಕಮಾನು ಕಟ್ಟಿ ಹೆಸರು ಕೆತ್ತಿಸುವುದರ ಬದಲು, ಒಂದು ಬಸ್ಸನ್ನು ವಿಜ್ಞಾನದ ಸಾಮಾನು ತುಂಬಿ ತಾಂಡಾಗಳಿಗೆ ಕಳಿಸಲಿ. ಕಲ್ಕತ್ತೆಯ ಬಿರ್ಲಾ ವಸ್ತುಸಂಗ್ರಹಾಲಯ ಇಂಥ ಬಸ್ಸನ್ನು 1965ರಲ್ಲೇ ಹಳ್ಳಿಗೆ ಕಳಿಸಿತ್ತು. ಸಂವಿಧಾನದ 51ಎ ವಿಧಿಯು 1976ರಿಂದ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯ ಎನ್ನುತ್ತದೆ. ಕರ್ತವ್ಯವನ್ನು ನಮ್ಮ ತಲೆಗೆ ಹೊರಿಸಿದವರು ಸಾಧನವನ್ನು ಯಾರ ಕೈಗೆ ಕೊಟ್ಟರು?

ಸರಕಾರ ಕೇಳುವವರೆಗೆ ನಾವು ಕಾಯುವುದಿಲ್ಲ. ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುವ ದಿನ ನಮ್ಮ ಊರುಗಳಿಗೆ ವರ್ಷಕ್ಕೆ ಎರಡು ಬಾರಿ ಬರುತ್ತದೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ. ಪತ್ರಿಕೆಗಳಲ್ಲಿ ಬರುವುದು ಆ ದಿನಾಂಕ. ಅದನ್ನು ನಂಬಿ ಆ ದಿನ ಇಲ್ಲಿ ಕೋಲು ನೆಟ್ಟರೆ ನೆರಳು ಬಿದ್ದೇ ಬೀಳುತ್ತದೆ. ನಮ್ಮ ದಿನ ಮೇ 5ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡೂ ಕಾಲರ ಹೊತ್ತಿಗೆ. ಮತ್ತೆ ಆಗಸ್ಟ್ 8ರ ಆಸುಪಾಸಿನಲ್ಲಿ, ಆದರೆ ಆಗ ಮೋಡದ ಭಯ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಬಿಸಿಲಿಗೆ ಬರವಿಲ್ಲ. ಇನ್ನೊಂದು ವಿಶೇಷವಿದೆ. ರಾಯಚೂರೂ ಬೆಂಗಳೂರೂ ಹೆಚ್ಚುಕಡಿಮೆ ಒಂದೇ ಉತ್ತರ-ದಕ್ಷಿಣ ಗೆರೆಯ ಮೇಲಿವೆ. ನಡುವಿನ ನೇರ ದೂರ ಸುಮಾರು 360 ಕಿಲೋಮೀಟರ್. ಮೇ 5ರಂದು ಇಲ್ಲಿ ಕೋಲಿಗೆ ನೆರಳಿಲ್ಲದ ಹೊತ್ತಿನಲ್ಲಿ, ಬೆಂಗಳೂರಿನಲ್ಲಿ ಒಂದು ಮೀಟರಿನ ಕೋಲಿಗೆ ಐದೂವರೆ ಸೆಂಟಿಮೀಟರಿಗಿಂತ ಚೂರು ಹೆಚ್ಚು ನೆರಳು ಬೀಳುತ್ತದೆ. ಅದರಿಂದ ಕೋನ ಸುಮಾರು 3.2 ಡಿಗ್ರಿ. ಅಷ್ಟು ಡಿಗ್ರಿಗೆ 360 ಕಿಲೋಮೀಟರಾದರೆ ಪೂರ್ತಿ ಸುತ್ತಿಗೆ ಎಷ್ಟು? ಭೂಮಿಯ ಸುತ್ತಳತೆ, ನಲವತ್ತು ಸಾವಿರ ಕಿಲೋಮೀಟರಿನ ಸುಮಾರು, ಕೈಗೆ ಬರುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕರ ಎರಟೋಸ್ತನೀಸ್ ಈಜಿಪ್ತಿನಲ್ಲಿ ಮಾಡಿದ ಲೆಕ್ಕವೇ ಇದು.

ನಮ್ಮ ಮನೆಗಳವರು ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುತ್ತಿದ್ದಾರೆ. ಇತ್ತ ಮಗಳು ದೇವದುರ್ಗದಲ್ಲಿ ಅಜ್ಜಿಯ ಬಳಿ. ಬರುವ ಮೇ 5ರ ಮಧ್ಯಾಹ್ನ ಅಪ್ಪ ಅಲ್ಲಿ ಮರಳ ರಾಶಿಯ ಪಕ್ಕ ಒಂದು ಮೀಟರ್ ಸರಳನ್ನು ನೆಟ್ಟಗೆ ನಿಲ್ಲಿಸಲಿ, ಅಳತೆ ಪಟ್ಟಿ ಮೇಸ್ತ್ರಿಯ ಬಳಿ ಇದ್ದೇ ಇರುತ್ತದೆ. ನೆರಳನ್ನು ಅಳೆದು ಫೋನಿನಲ್ಲಿ ಮಗಳಿಗೆ ಹೇಳಲಿ. ಶಕ್ತಿನಗರ, ದೇವದುರ್ಗ, ಮಾನ್ವಿಗಳ ನಮ್ಮ ಶಾಖೆಗಳ ಗೆಳೆಯರು ಆ ದಿನ ಹನ್ನೊಂದು ಗಂಟೆಗೇ ಬಯಲಿನಲ್ಲಿ ಕೋಲು ನೆಟ್ಟು, ಕುಡಿಯುವ ನೀರು, ತಲೆಗೆ ವಸ್ತ್ರ ತಂದು ಸಿದ್ಧವಾಗಿರಬೇಕು. ಸೂರ್ಯನನ್ನು ಬರಿಗಣ್ಣಿನಿಂದ ನೋಡದಂತೆ ಮಕ್ಕಳಿಗೆ ಮೊದಲೇ ಹೇಳಬೇಕು. ಚಹದಂಗಡಿಯ ಹುಡುಗ ಈಗಲೇ ಸರಳೊಂದನ್ನು ಹುಡುಕಿಟ್ಟಿದ್ದಾನೆ. ಬೂದಿಯ ಹಿರಿಯರು ತಮ್ಮ ಪಾಳಿ ಬದಲಾಯಿಸಿಕೊಂಡು ಬರುವುದಾಗಿ ಹೇಳಿದ್ದಾರೆ.